ಮಗುವಾಗದಿದ್ದರೆ ಸೊಸೆಯೊಬ್ಬಳೇ ಕಾರಣವೇ?



ಗೋನೆಗಂಡ್ಲವಿರಲಿ, ಆದೋನಿಯಿರಲಿ, ಮದುವೆಯಾಗಿ ವರ್ಷ ಎರಡಾದರೂ ತೊಟ್ಟಿಲು ತೂಗದಿದ್ದರೆ ಎಲ್ಲರ ಕಣ್ಣು ಸೊಸೆಯ ಮೇಲೆ. ಆಸ್ಪತ್ರೆಗೆ ಅಲೆಯುವವಳೂ ಅವಳೇ. “ನಮ್ಮ ಹುಡುಗ ಗಟ್ಟಿಮುಟ್ಟಾಗಿದ್ದಾನೆ, ಮೀಸೆ ನೋಡಿ” ಎನ್ನುವರು ಹಿರಿಯರು. ಆದರೆ ಮೀಸೆಗೂ ಸಂತಾನಶಕ್ತಿಗೂ ಅಷ್ಟು ನೇರ ನಂಟಿಲ್ಲ.

ಗಂಡಸಿನ ಸಂತಾನಶಕ್ತಿಗೆ ಅಪ್ಪಣೆ ಹೊರಡುವುದು ಮಿದುಳಿನಿಂದ. ಅಲ್ಲಿನ ಹೈಪೋಥಾಲಮಸ್ ಸೂಚನೆ ಕೊಟ್ಟಾಗ, ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಎಲ್‌ಎಚ್ ಎಂಬುದು ವೃಷಣಗಳಲ್ಲಿ ಟೆಸ್ಟೋಸ್ಟಿರಾನ್ ತಯಾರಿಸುತ್ತದೆ. ಗಡ್ಡಮೀಸೆ, ಗಡಸು ದನಿ ಇದರ ಕೊಡುಗೆ. ಎಫ್‌ಎಸ್‌ಎಚ್ ವೀರ್ಯಾಣುಗಳನ್ನು ಪೋಷಿಸುವ ಜೀವಕೋಶಗಳನ್ನು ಹುರಿದುಂಬಿಸುತ್ತದೆ. ವೀರ್ಯಾಣು ಬೆಳೆಯಲು ಇವೆರಡೂ ಬೇಕು, ಸುಮಾರು ಎರಡೂವರೆ ತಿಂಗಳ ಕಾಲವೂ ಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಮತ್ತು ಸಂಗಡಿಗರು, ನಮ್ಮ ಊರುಗಳಲ್ಲಿ ಕಾಣುವಂಥ ಕೋತಿಗಳಲ್ಲಿ ಎಫ್‌ಎಸ್‌ಎಚ್ ಕೆಲಸವನ್ನು ಮಾತ್ರ ತಡೆದು ನೋಡಿದರು. ಟೆಸ್ಟೋಸ್ಟಿರಾನ್ ಮೊದಲಿನಂತೆಯೇ ಇತ್ತು. ವೀರ್ಯಾಣುಗಳು ಮಾತ್ರ ಕುಗ್ಗಿದವು. ಅಂದರೆ ಹೊರಗೆ ಏನೂ ಕೊರತೆ ಕಾಣದಿದ್ದರೂ ಒಳಗೆ ಕೊರತೆಯಿರಬಹುದು.

ಇನ್ನೊಂದು ಮಾತು ಯುವಕರಿಗೆ. ಮೇಲಿನ ತೊಟ್ಟಿ ತುಂಬಿದಾಗ ಚೆಂಡು ತೇಲಿ ನಲ್ಲಿಯನ್ನು ಮುಚ್ಚುತ್ತದಲ್ಲವೇ? ರಕ್ತದಲ್ಲಿ ಟೆಸ್ಟೋಸ್ಟಿರಾನ್ ಹೆಚ್ಚಿದಾಗ ಮಿದುಳೂ ಹಾಗೆಯೇ ತನ್ನ ಅಪ್ಪಣೆಯನ್ನು ನಿಲ್ಲಿಸುತ್ತದೆ. ಮೈಕಟ್ಟಿಗೆಂದು ಜಿಮ್‌ನಲ್ಲಿ ಚುಚ್ಚಿಸಿಕೊಳ್ಳುವ ಸ್ಟೀರಾಯ್ಡ್ ಮಾಡುವುದೂ ಇದನ್ನೇ. ತೋಳು ದಪ್ಪವಾಗುತ್ತದೆ, ವೃಷಣ ಕುಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ನಡೆದು 1990ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರವಾರ ಟೆಸ್ಟೋಸ್ಟಿರಾನ್ ಚುಚ್ಚುಮದ್ದು ಪಡೆದ ಗಂಡಸರಲ್ಲಿ ಹೆಚ್ಚಿನವರಿಗೆ ವೀರ್ಯಾಣುಗಳೇ ಇಲ್ಲವಾದವು! ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಮರಳುತ್ತವೆ, ಆದರೆ ತಿಂಗಳುಗಳೇ ಹಿಡಿಯುತ್ತವೆ. ಆದ್ದರಿಂದ “ಶಕ್ತಿ ಕಡಿಮೆ” ಎಂದು ವೈದ್ಯರನ್ನು ಕೇಳದೆ ಇಂಥ ಚುಚ್ಚುಮದ್ದು ಪಡೆಯಬೇಡಿ.

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನ ಪಾಲೂ ಇರುತ್ತದೆ. ಒಂದು ವರ್ಷ ಕಾದರೂ ಫಲವಿಲ್ಲದಿದ್ದರೆ ಇಬ್ಬರೂ ಒಟ್ಟಿಗೆ ವೈದ್ಯರ ಬಳಿ ಹೋಗಿ. ಗಂಡನಿಗೆ ಮೊದಲು ಬೇಕಾದದ್ದು ವೀರ್ಯ ಪರೀಕ್ಷೆ. ಅದಕ್ಕೆ ಸೂಜಿಯೂ ಬೇಡ, ಕತ್ತರಿಯೂ ಬೇಡ. ಅಗತ್ಯಬಿದ್ದರೆ ರಕ್ತದಲ್ಲಿ ಹಾರ್ಮೋನುಗಳನ್ನು ನೋಡುತ್ತಾರೆ. ಪಿಟ್ಯುಟರಿಯ ಕೊರತೆಯಾದರೆ ಅನೇಕರಿಗೆ ಔಷಧದಿಂದ ಗುಣವುಂಟು.

ಅತ್ತೆ ಮಾವಂದಿರೇ, ಸೊಸೆಯನ್ನು ದೂರುವ ಮೊದಲು ಮಗನನ್ನೂ ಪರೀಕ್ಷೆಗೆ ಕಳುಹಿಸಿ. ಗಂಡಂದಿರೇ, ಹೆಂಡತಿಯ ಕಣ್ಣೀರಿಗಿಂತ ನಿಮ್ಮ ಸಂಕೋಚ ದೊಡ್ಡದಲ್ಲ.