ಹಲ್ಲಿನ ಸಿಮೆಂಟಿಗೆ ಕಾಫಿ ಪರೀಕ್ಷೆ

ಮಕ್ಕಳ ಹಾಲುಹಲ್ಲು ಬಿದ್ದರೆ ಮನೆಯ ಮಾಡಿನ ಮೇಲೆ ಎಸೆಯುತ್ತೇವೆ. ದೊಡ್ಡವರ ಹಲ್ಲು ಕಿತ್ತರೆ ಅದರ ಕಥೆ ಆಸ್ಪತ್ರೆಯ ಕಸದ ಡಬ್ಬಿಯಲ್ಲಿ ಮುಗಿಯಿತು ಅಂದುಕೊಳ್ಳುತ್ತೇವೆ. ದಂತ ವೈದ್ಯಕೀಯ ಕಾಲೇಜುಗಳಲ್ಲಿ ಹಾಗಲ್ಲ. ಅಲ್ಲಿ ಹುಳುಕಿಲ್ಲದ ಹಲ್ಲು ಸಿಕ್ಕರೆ ಎತ್ತಿಟ್ಟುಕೊಳ್ಳಲು ಕಾದವರಿರುತ್ತಾರೆ. ಸಾಲು ಸರಿಮಾಡಲು ಕ್ಲಿಪ್ ಹಾಕಿಸುವ ಹುಡುಗ ಹುಡುಗಿಯರಿಂದ ಜಾಗಕ್ಕಾಗಿ ಕೀಳುವ ಮುಂದವಡೆ ಹಲ್ಲುಗಳಿಗೆ ಎಲ್ಲಕ್ಕಿಂತ ಬೇಡಿಕೆ. ತೊಳೆದು, ಕರೆ ಕೆರೆದು, ಒಣಗದಂತೆ ದ್ರಾವಣದ ಬಾಟಲಿಯಲ್ಲಿ ಇಡುತ್ತಾರೆ.

ಕೊಡಗಿನಲ್ಲಿ ಅಂಥ ಕಾಲೇಜು ಇರುವುದು ವಿರಾಜಪೇಟೆಯ ಮಗ್ಗುಲದಲ್ಲಿ: 1999ರಲ್ಲಿ ಶುರುವಾದ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಡೆಂಟಲ್ ಸೈನ್ಸಸ್. ಸಂಪಾಜೆ ಕಡೆಯವರಿಗೆ ಸುಳ್ಯದ ಕೆ.ವಿ.ಜಿ. ದಂತ ಕಾಲೇಜು ಹತ್ತಿರ. ನಮ್ಮಲ್ಲಿ ಎಂ.ಡಿ.ಎಸ್. ಓದುವವರು ಮೂರು ವರ್ಷದೊಳಗೆ ಒಂದು ಸಂಶೋಧನಾ ಪ್ರಬಂಧ ಬರೆಯಲೇಬೇಕು. ದೇಶದ ಯಾವ ದಂತ ಕಾಲೇಜಿಗೆ ಹೋದರೂ ಹಲ್ಲಿಗೆ ತುಂಬುವ ‘ಸಿಮೆಂಟು’ಗಳ ಮೇಲಿನ ಪ್ರಬಂಧಗಳು ಕಪಾಟಿನ ತುಂಬ ಸಿಗುತ್ತವೆ. ಆ ಪರೀಕ್ಷೆ ಹೇಗೆ ನಡೆಯುತ್ತದೆಂದು ತಿಳಿದರೆ, ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ ನಮಗೂ ಲಾಭವುಂಟು.

ಬಾಟಲಿಯಿಂದ ತೆಗೆದ ಹಲ್ಲಿನಲ್ಲಿ ಒಂದೇ ಅಳತೆಯ ಸಣ್ಣ ಗುಂಡಿ ಕೊರೆಯುತ್ತಾರೆ. ಅರ್ಧ ಹಲ್ಲುಗಳಿಗೆ ಒಂದು ಸಿಮೆಂಟು, ಇನ್ನರ್ಧಕ್ಕೆ ಇನ್ನೊಂದು. ಆಮೇಲೆ ಹಲ್ಲುಗಳನ್ನು ಐದು ಡಿಗ್ರಿಯ ತಣ್ಣೀರಿನಲ್ಲಿ ಅರ್ಧ ನಿಮಿಷ, ಐವತ್ತೈದು ಡಿಗ್ರಿಯ ಬಿಸಿನೀರಿನಲ್ಲಿ ಅರ್ಧ ನಿಮಿಷ, ಹೀಗೆ ನೂರಾರು, ಕೆಲವೊಮ್ಮೆ ಸಾವಿರಾರು ಸಲ ಮುಳುಗಿಸುತ್ತಾರೆ. ಐಸ್‌ಕ್ರೀಂ ತಿಂದು ಬಿಸಿ ಕಾಫಿ ಕುಡಿದ ಬಾಯಿಯ ನಕಲು ಇದು. ಬಿಸಿಗೆ ಹಲ್ಲೂ ಹಿಗ್ಗುತ್ತದೆ, ಸಿಮೆಂಟೂ ಹಿಗ್ಗುತ್ತದೆ. ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗದಿದ್ದರೆ ನಡುವೆ ಸಂದಿ ಬಿಡುತ್ತದೆ.

ಆ ಸಂದಿಯನ್ನು ಕಣ್ಣಿಗೆ ಕಾಣಿಸುವ ಉಪಾಯ ಬಲು ಸರಳ. ಸಿಮೆಂಟಿನ ಸುತ್ತ ಒಂದು ಮಿಲಿಮೀಟರ್ ಬಿಟ್ಟು ಉಳಿದ ಹಲ್ಲಿಗೆಲ್ಲ ಎರಡು ಕೈ ನೈಲ್ ಪಾಲಿಶ್ ಬಳಿಯುತ್ತಾರೆ. ಹೌದು, ಅಂಗಡಿಯಲ್ಲಿ ಸಿಗುವ ಅದೇ ನೈಲ್ ಪಾಲಿಶ್. ನಂತರ ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣದಲ್ಲಿ ಒಂದು ದಿನ ನೆನೆಹಾಕಿ, ವಜ್ರದ ಪುಡಿ ಕೂಡಿಸಿದ ತೆಳು ಚಕ್ರದಿಂದ ಹಲ್ಲನ್ನು ಉದ್ದುದ್ದ ಸೀಳಿ, ಸೂಕ್ಷ್ಮದರ್ಶಕದಡಿ ಇಡುತ್ತಾರೆ. ನೀಲಿ ಗೆರೆ ಒಳಗೆ ಎಷ್ಟು ದೂರ ಇಳಿದಿದೆ ಎಂದು ನೋಡಿ ಅಂಕ ಹಾಕುತ್ತಾರೆ. ಬಣ್ಣ ಹೊಕ್ಕ ದಾರಿಯಲ್ಲಿ ನಾಳೆ ಜೊಲ್ಲು, ಸಕ್ಕರೆ, ಬ್ಯಾಕ್ಟೀರಿಯ ಹೋಗುತ್ತವೆ. ‘ಸಿಮೆಂಟ್ ಹಾಕಿಸಿದ ಹಲ್ಲೇ ಮತ್ತೆ ಹುಳುಕಾಯಿತು’ ಎಂದು ಜನ ದೂರುವುದರ ಹಿಂದೆ ಹಲವು ಸಲ ಇರುವುದು ಈ ಸಂದಿಯೇ.

ಕಾಫಿಗೆ ಈ ಲೋಕದಲ್ಲಿ ಇನ್ನೊಂದು ಕೆಲಸವೂ ಉಂಟು, ಕೊಡಗಿನವರು ಹೆಮ್ಮೆ ಪಡಬೇಕೋ ಬೇಡವೋ ತಿಳಿಯದ ಕೆಲಸ. ಹಲ್ಲಿನ ಬಣ್ಣದ ಸಿಮೆಂಟು ಎಷ್ಟು ಬೇಗ ಕಲೆಯಾಗುತ್ತದೆ ಎಂದು ನೋಡಲು ಜಗತ್ತಿನಾದ್ಯಂತ ಪ್ರಯೋಗಾಲಯಗಳು ಬಳಸುವ ದ್ರವಗಳಲ್ಲಿ ಕಾಫಿ ಮುಂಚೂಣಿಯಲ್ಲಿದೆ. ಸಂಶೋಧಕರ ಲೆಕ್ಕ ಹೀಗೆ: ಒಬ್ಬ ಮನುಷ್ಯ ದಿನಕ್ಕೆ ಸರಾಸರಿ ಮೂರಕ್ಕೆ ತುಸು ಮಿಕ್ಕಿ ಲೋಟ ಕುಡಿದರೆ, ಲೋಟಕ್ಕೆ ಹದಿನೈದು ನಿಮಿಷದಂತೆ ದಿನಕ್ಕೆ ಮುಕ್ಕಾಲು ಗಂಟೆ ಚಿಲ್ಲರೆ. ಅಲ್ಲಿಗೆ ಸಿಮೆಂಟಿನ ಬಿಲ್ಲೆಯನ್ನು 24 ಗಂಟೆ ಕಾಫಿಯಲ್ಲಿ ನೆನೆಸಿದರೆ ಒಂದು ತಿಂಗಳ ಕಾಫಿ ಕುಡಿದಂತಾಯಿತು. ಮೊದಲು, ನಂತರ ಎಂದು ಬಣ್ಣವನ್ನು ಯಂತ್ರದಿಂದ ಅಳೆಯುತ್ತಾರೆ. ವ್ಯತ್ಯಾಸ 3.3 ಅಂಕ ದಾಟಿದರೆ ಸಿಮೆಂಟು ಬಾಯಲ್ಲಿ ಕೆಟ್ಟದಾಗಿ ಕಾಣುತ್ತದೆ ಎಂಬುದು ಬಹುಕಾಲ ಬಳಕೆಯಲ್ಲಿರುವ ಗಡಿ. ತೋಟದ ಮನೆಗಳಲ್ಲಿ ಬೆಳಗಿನಿಂದ ಸಂಜೆಯ ತನಕ ಲೋಟದ ಮೇಲೆ ಲೋಟ ಬೆಲ್ಲದ ಕಾಫಿ ಸುರಿದುಕೊಳ್ಳುವವರನ್ನು ಈ ಸರಾಸರಿಗೆ ಸೇರಿಸುವುದು ಕಷ್ಟ!

ಚಹಾದ ಕಲೆ ಹೆಚ್ಚಾಗಿ ಮೇಲ್ಮೈಯಲ್ಲೇ ಕೂರುತ್ತದೆ, ಉಜ್ಜಿದರೆ ಬಹುಪಾಲು ಹೋಗುತ್ತದೆ. ಕಾಫಿಯದು ಹಾಗಲ್ಲ, ಅದರ ಬಣ್ಣದ ಕಣಗಳು ಸಿಮೆಂಟಿನ ರಾಳದೊಳಗೇ ಇಂಗುತ್ತವೆ. ಹಾಗಾಗಿ ಮುಂದಿನ ಹಲ್ಲಿಗೆ ಬಿಳಿ ಸಿಮೆಂಟ್ ಹಾಕಿಸಿಕೊಂಡ ಕಾಫಿಪ್ರಿಯರು ವರ್ಷಕ್ಕೊಮ್ಮೆ ಪಾಲಿಶ್ ಮಾಡಿಸಿದರೆ ಒಳ್ಳೆಯದು. ಮೇಲ್ಮೈ ನುಣುಪಾದಷ್ಟೂ ಕಲೆ ಹಿಡಿಯುವುದು ಕಡಿಮೆ.

ಈಗ ಸಿಮೆಂಟುಗಳ ವಿಷಯ. ಬಿಳಿ ಸಿಮೆಂಟ್ ಎಂದು ಎಲ್ಲರೂ ಕರೆಯುವುದರಲ್ಲಿ ಎರಡು ಬೇರೆಬೇರೆ ಜಾತಿಗಳಿವೆ. ಒಂದು ಕಾಂಪೋಸಿಟ್: ರಾಳದಲ್ಲಿ ಗಾಜಿನಂಥ ನುಣ್ಣನೆಯ ಪುಡಿ. ಇದರ ಮೂಲ ರಾಳವನ್ನು ಅಮೆರಿಕದ ರಾಫೆಲ್ ಬೋವೆನ್ ರೂಪಿಸಿ 1962ರಲ್ಲಿ ಪೇಟೆಂಟ್ ಪಡೆದರು. ಅದಕ್ಕೂ ಮೊದಲು 1955ರಲ್ಲಿ ಮೈಕೆಲ್ ಬ್ಯೂನೊಕೋರ್ ಹಲ್ಲಿನ ಎನಾಮೆಲ್‌ಗೆ ಆಮ್ಲ ಸವರಿ ಒರಟು ಮಾಡಿದರೆ ರಾಳ ಗಟ್ಟಿಯಾಗಿ ಹಿಡಿಯುತ್ತದೆ ಎಂದು ತೋರಿಸಿದ್ದರು. ಇಂದಿಗೂ ಅದೇ ಕ್ರಮ: ಶೇ. 37ರ ಫಾಸ್ಫರಿಕ್ ಆಮ್ಲದ ನೀಲಿ ಜೆಲ್ ಹಚ್ಚಿ, ಸುಮಾರು ಹದಿನೈದು ಸೆಕೆಂಡ್ ಬಿಟ್ಟು ತೊಳೆದು, ಅಂಟು ಸವರಿ, ಎರಡೆರಡು ಮಿಲಿಮೀಟರ್ ಪದರವಾಗಿ ತುಂಬಿ, ಪ್ರತಿ ಪದರಕ್ಕೂ ನೀಲಿ ಬೆಳಕು ಹಿಡಿಯುವುದು. ಗಟ್ಟಿಯಾಗುವಾಗ ಇದು ಶೇ. 2-3ರಷ್ಟು ಕುಗ್ಗುತ್ತದೆ. ಒಟ್ಟಿಗೇ ತುಂಬಿದರೆ ಆ ಎಳೆತಕ್ಕೆ ಅಂಚು ಬಿಡುತ್ತದೆ, ಆಳದ ಪದರ ಬೆಳಕು ತಲುಪದೆ ಹಸಿಯಾಗಿಯೇ ಉಳಿಯುತ್ತದೆ. ಡಾಕ್ಟರು ಸಮಯ ತೆಗೆದುಕೊಂಡರೆ ಬೇಸರ ಮಾಡಿಕೊಳ್ಳಬೇಡಿ, ಅವಸರ ಮಾಡಿದರೆ ಬೇಸರ ಮಾಡಿಕೊಳ್ಳಿ.

ಇನ್ನೊಂದು ಗ್ಲಾಸ್ ಅಯಾನೊಮರ್. 1969ರಲ್ಲಿ ಲಂಡನ್ನಿನ ಸರ್ಕಾರಿ ರಸಾಯನ ಪ್ರಯೋಗಾಲಯದಲ್ಲಿ ವಿಲ್ಸನ್ ಮತ್ತು ಕೆಂಟ್ ಕಂಡುಹಿಡಿದದ್ದು. ಗಾಜಿನ ಪುಡಿಯನ್ನು ಒಂದು ಸೌಮ್ಯ ಆಮ್ಲದ ದ್ರವದೊಂದಿಗೆ ಕಾಗದದ ಮೇಲೆ ಕಲಸಿದರೆ ಕೆಲವೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಬೆಳಕು ಬೇಡ, ಕರೆಂಟು ಬೇಡ. ಹಲ್ಲಿನ ಕ್ಯಾಲ್ಸಿಯಂ ಜೊತೆ ನೇರವಾಗಿ ರಾಸಾಯನಿಕ ಬೆಸುಗೆ ಹಾಕಿಕೊಳ್ಳುತ್ತದೆ. ನಿಧಾನವಾಗಿ ಫ್ಲೋರೈಡ್ ಬಿಡುತ್ತದೆ, ಬಿಸಿಗೆ ಹಿಗ್ಗುವುದರಲ್ಲೂ ಹಲ್ಲಿಗೆ ಹತ್ತಿರ. ದೋಷವೆಂದರೆ ಪೆಡಸು, ಜೋರಾಗಿ ಅಗಿಯುವ ಜಾಗದಲ್ಲಿ ಸವೆಯುತ್ತದೆ, ಅಂಚು ಮುರಿಯುತ್ತದೆ.

ಪ್ರಯೋಗಾಲಯದಲ್ಲಿ ಎಳೆದು ಕೀಳುವ ಯಂತ್ರಕ್ಕೆ ಕೊಟ್ಟರೆ ಕಾಂಪೋಸಿಟ್‌ನ ಹಿಡಿತ ಗ್ಲಾಸ್ ಅಯಾನೊಮರ್‌ಗಿಂತ ಹಲವು ಪಟ್ಟು ಹೆಚ್ಚು ಬರುತ್ತದೆ. ಅಂಕಿ ನೋಡಿದವರು ಕಾಂಪೋಸಿಟ್ಟೇ ಗೆದ್ದಿತು ಅಂದಾರು. ಆದರೆ ವಸಡಿನ ಅಂಚಿನಲ್ಲಿ ಸವೆದ ಹಲ್ಲಿಗೆ ತುಂಬಿದ ಸಿಮೆಂಟು ವರ್ಷಗಳ ನಂತರ ಎಷ್ಟು ಉಳಿದಿದೆ ಎಂದು ರೋಗಿಗಳ ಬಾಯಲ್ಲೇ ನೋಡಿದ ಅಧ್ಯಯನಗಳನ್ನು ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಒಟ್ಟುಗೂಡಿಸಿದಾಗ, ಎಲ್ಲಕ್ಕಿಂತ ಚೆನ್ನಾಗಿ ಕಚ್ಚಿಕೊಂಡು ನಿಂತದ್ದು ಗ್ಲಾಸ್ ಅಯಾನೊಮರ್! ಯಂತ್ರದ ಅಂಕಿ ಎರಡು ವಸ್ತುಗಳನ್ನು ಹೋಲಿಸುತ್ತದೆ, ಬಾಯಿಯ ಆಯುಷ್ಯವನ್ನು ಹೇಳುವುದಿಲ್ಲ. ಇದ್ದಿಲು, ಬೂದಿ ಹಾಕಿ ಅಡ್ಡಡ್ಡ ತಿಕ್ಕಿ ಹಲ್ಲಿನ ಬುಡ ಸವೆಸಿಕೊಂಡ ಹಿರಿಯರು ನಮ್ಮಲ್ಲಿ ಬಹಳ. ಅವರಿಗೆ ಡಾಕ್ಟರು ಅಗ್ಗದ ಸಿಮೆಂಟನ್ನೇ ಸೂಚಿಸಿದರೆ ಅದು ತಾತ್ಸಾರವೆಂದು ತಿಳಿಯಬೇಕಿಲ್ಲ.

ಕರೆಂಟು, ಡ್ರಿಲ್ ಇಲ್ಲದ ಕಡೆಗೂ ಇದೇ ಸಿಮೆಂಟು. ಎಂಬತ್ತರ ದಶಕದಲ್ಲಿ ತಾಂಜಾನಿಯಾದಲ್ಲಿ ಶುರುವಾದ ಒಂದು ಪದ್ಧತಿಯಲ್ಲಿ ಹುಳುಕಿನ ಮೆತ್ತನೆಯ ಭಾಗವನ್ನು ಕೈ ಸಲಕರಣೆಯಿಂದಲೇ ಕೆರೆದು ತೆಗೆದು, ಗ್ಲಾಸ್ ಅಯಾನೊಮರ್ ಒತ್ತಿ ತುಂಬುತ್ತಾರೆ. ತೋಟದ ಲೈನ್‌ಮನೆಗಳಿಗೆ, ಹಾಡಿಗಳ ಶಾಲೆಗಳಿಗೆ ಹೇಳಿ ಮಾಡಿಸಿದ ಪದ್ಧತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಗ್ಲಾಸ್ ಅಯಾನೊಮರ್ ಸಿಮೆಂಟನ್ನೂ, ಹುಳುಕನ್ನು ಕೊರೆಯದೆ ನಿಲ್ಲಿಸುವ ಸಿಲ್ವರ್ ಡಯಮೀನ್ ಫ್ಲೋರೈಡ್ ಎಂಬ ದ್ರವವನ್ನೂ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆ ದ್ರವ ಹಚ್ಚಿದ ಹುಳುಕು ಕಪ್ಪಗಾಗುತ್ತದೆ. ಬೀಳಲಿರುವ ಹಾಲುಹಲ್ಲಿಗೆ ಕಪ್ಪಾದರೇನು ಎಂಬುದು ನನ್ನ ಅಭಿಪ್ರಾಯ; ತಾಯಂದಿರು ಒಪ್ಪಲಿಕ್ಕಿಲ್ಲ.

ಹಳೆಯ ಬೆಳ್ಳಿ ಸಿಮೆಂಟಿನ ಕಾಲ ಮುಗಿಯುತ್ತಿದೆ. ಅದರಲ್ಲಿ ಸುಮಾರು ಅರ್ಧದಷ್ಟು ಪಾದರಸ. ಪಾದರಸದ ಬಳಕೆ ತಗ್ಗಿಸುವ ಮಿನಮಾಟಾ ಒಪ್ಪಂದ 2017ರಲ್ಲಿ ಜಾರಿಗೆ ಬಂತು, ಭಾರತ 2018ರಲ್ಲಿ ಅನುಮೋದಿಸಿತು. ಬಾಯಲ್ಲಿ ಗಟ್ಟಿಯಾಗಿ ಕುಳಿತಿರುವ ಹಳೆಯದನ್ನು ಹೆದರಿ ಕೀಳಿಸುವ ಅಗತ್ಯವಿಲ್ಲ. ಕೊರೆದು ತೆಗೆಯುವಾಗಲೇ ಪಾದರಸದ ಆವಿ ಹೆಚ್ಚು.

ಸಿಮೆಂಟಷ್ಟೇ ಅಲ್ಲ, ದಂತ ವೈದ್ಯರು ಬಳಸುವ ಬೇರೆ ವಸ್ತುಗಳಿಗೂ ಕೊಡಗಿನ ಮಳೆಗಾಲ ನಿಜವಾದ ಸತ್ವಪರೀಕ್ಷೆ. ಹಲ್ಲು ಸೆಟ್ ಮಾಡಲು ಅಳತೆ ತೆಗೆಯುವ ಆಲ್ಜಿನೇಟ್ ಪುಡಿ, ಅಚ್ಚು ಹೊಯ್ಯುವ ಪ್ಲಾಸ್ಟರ್ ಎರಡೂ ತೇವ ಹೀರುವಂಥವು. ಮುಚ್ಚಳ ಸಡಿಲವಿದ್ದ ಡಬ್ಬಿಯ ಪ್ಲಾಸ್ಟರ್ ಜುಲೈನಲ್ಲಿ ಮೊದಮೊದಲು ಕೈಗೆ ಸಿಗುವ ಮುನ್ನವೇ ಗಟ್ಟಿಯಾಗುತ್ತದೆ: ತೇವದಿಂದ ಪುಡಿಯಲ್ಲೇ ಹುಟ್ಟಿದ ಜಿಪ್ಸಂ ಹರಳುಗಳು ಉಳಿದದ್ದನ್ನು ಬೇಗ ಹೆಪ್ಪುಗಟ್ಟಿಸುತ್ತವೆ. ಇನ್ನಷ್ಟು ತೇವ ಕುಡಿದರೆ ತಿರುಗಾಮುರುಗಾ, ಗಟ್ಟಿಯಾಗಲು ಹಿಂದೇಟು ಹಾಕುತ್ತದೆ. ಕಾಂಪೋಸಿಟ್‌ಗಂತೂ ಬಾಯಿಯ ಜೊಲ್ಲೇ ವೈರಿ. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ ಕೆಲಸ ಮಾಡುವ ಡಾಕ್ಟರು ಸಿಕ್ಕರೆ, ಉಸಿರುಕಟ್ಟಿದಂತಾದರೂ ಸಹಿಸಿಕೊಳ್ಳಿ.

ಅಡಿಕೆ, ಹೊಗೆಸೊಪ್ಪು ಅಗಿಯುವವರಿಗೆ ಒಂದು ಮಾತು. ಅಡಿಕೆ ಹಲ್ಲನ್ನು ಸವೆಸುವುದು ಚಿಕ್ಕ ವಿಷಯ. ವರ್ಷಗಟ್ಟಲೆ ಅಗಿದರೆ ಕೆನ್ನೆಯ ಒಳಚರ್ಮ ನಾರುಗಟ್ಟಿ ಬಾಯಿಯೇ ತೆರೆಯದಂತಾಗುತ್ತದೆ. ಅದು ಕ್ಯಾನ್ಸರ್‌ಗೆ ತಿರುಗುವ ಅಪಾಯವಿರುವ ಕಾಯಿಲೆ. ಎರಡು ಬೆರಳು ಹೋಗದ ಬಾಯಲ್ಲಿ ಎಷ್ಟು ಒಳ್ಳೆಯ ಸಿಮೆಂಟಿದ್ದರೂ ತುಂಬುವುದು ಹೇಗೆ?

ಮುಂದಿನ ಸಲ ಹಲ್ಲಿಗೆ ಸಿಮೆಂಟ್ ಹಾಕಿಸಲು ಹೋದಾಗ ಬೆಲೆ ಕೇಳುವ ಮೊದಲು ‘ಯಾವ ಸಿಮೆಂಟ್ ಹಾಕುತ್ತೀರಿ, ಈ ಹಲ್ಲಿಗೆ ಅದೇ ಏಕೆ?’ ಎಂದು ಕೇಳಿ, ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಗ್ಲಾಸ್ ಅಯಾನೊಮರ್ ಹಾಕಿಸಿದರೆ ಆ ಕಡೆಯಿಂದ ಒಂದು ದಿನ ಗಟ್ಟಿ ಪದಾರ್ಥ ಅಗಿಯಬೇಡಿ. ಅದು ಪೂರ್ತಿ ಬಲಿಯಲು ಅಷ್ಟು ಹೊತ್ತು ಬೇಕು. ಕಾಲೇಜಿನಲ್ಲಿ ಹಲ್ಲು ಕೀಳಿಸಿಕೊಂಡಾಗ ಅದನ್ನು ಸಂಶೋಧನೆಗೆ ಕೊಡುತ್ತೀರಾ ಎಂದು ಕೇಳಿದರೆ ಒಪ್ಪಿಗೆ ಪತ್ರ ಓದಿ ಸಹಿ ಹಾಕಿ.