ಬಂಡಾಜೆ ಅರ್ಬಿ ಒಂದೇ ದಿನದಲ್ಲಿ ನೋಡಿ ಬರಬಹುದಾ? ಬರಬಹುದು, ಮಧ್ಯಾಹ್ನ ಒಂದಕ್ಕೆ ಹಿಂತಿರುಗುವುದಾದರೆ

ಬೆಳ್ತಂಗಡಿ: ಮಳೆ ನಿಂತು ಬಿಸಿಲು ಬಿದ್ದ ಕೂಡಲೇ ಉಜಿರೆ, ಮುಂಡಾಜೆ, ಕಡಿರುದ್ಯಾವರ ಕಡೆಯ ಹೋಟೆಲು, ಅಂಗಡಿಗಳ ಮುಂದೆ ಬೆನ್ನಿಗೆ ಚೀಲ ಹಾಕಿದವರು ಕಾಣಿಸಿಕೊಳ್ಳುತ್ತಾರೆ. ಎರಡು ಬಾಟಲಿ ನೀರು, ಒಂದು ಡಜನ್ ಬಾಳೆಹಣ್ಣು ತೆಗೆದುಕೊಂಡು ಕೇಳುವುದು ಒಂದೇ ಪ್ರಶ್ನೆ: "ಬಂಡಾಜೆ ಫಾಲ್ಸ್ ಇಲ್ಲಿಂದ ಎಷ್ಟು ದೂರ ಉಂಟು?"

ಈ ಪ್ರಶ್ನೆಗೆ ಕಿಲೋಮೀಟರಿನಲ್ಲಿ ಉತ್ತರ ಕೊಟ್ಟರೆ ದಾರಿ ತಪ್ಪಿಸಿದ ಹಾಗೆಯೇ. ಗಂಟೆಯಲ್ಲಿ ಹೇಳಬೇಕು. ಹತ್ತಲಿಕ್ಕೆ ನಾಲ್ಕೂವರೆಯಿಂದ ಐದು ಗಂಟೆ, ಇಳಿಯಲಿಕ್ಕೆ ಮೂರೂವರೆಯಿಂದ ನಾಲ್ಕು ಗಂಟೆ. ಪೂರ್ತಿ ಒಂದು ದಿನ.

ದಾರಿ ಹೇಗಿದೆ?

ತುಳುವಿನಲ್ಲಿ ಅರ್ಬಿ ಅಂದರೆ ಜಲಪಾತ. ಸುಮಾರು 200 ಅಡಿ ಎತ್ತರದಿಂದ ಬೀಳುವ ಈ ನೀರು ಮುಂದೆ ನೇತ್ರಾವತಿ ಸೇರುತ್ತದೆ. ಕಡಿರುದ್ಯಾವರದ ವಳಂಬ್ರ ಕಡೆಯಿಂದ ಹೊರಟರೆ ತೋಟ ದಾಟಿದ ಮೇಲೆ ದಟ್ಟ ಕಾಡು. ಬೇರು, ಉರುಳುಗಲ್ಲು, ತರಗೆಲೆ ತುಂಬಿದ ಏರು. ಕಾಡು ಮುಗಿದ ಮೇಲೆ ಹುಲ್ಲುಗಾವಲು. ಅಲ್ಲಿ ಏರು ಇನ್ನೂ ಕಡಿದು, ನೆರಳು ಮಾತ್ರ ಇಲ್ಲ. ಕೊನೆಗೆ ತಲುಪುವುದು ಜಲಪಾತದ ಬುಡಕ್ಕಲ್ಲ, ನೀರು ಧುಮುಕುವ ನೆತ್ತಿಗೆ. ಮೇಲಿನ ಗುಡ್ಡದಲ್ಲಿ ಬಲ್ಲಾಳರಾಯನ ದುರ್ಗವಿದೆ. ಅದು ಚಿಕ್ಕಮಗಳೂರು ಜಿಲ್ಲೆಗೆ ಸೇರಿದ್ದು. ಕೆಳಗಿನಿಂದ ಹತ್ತಿದವರು ಅರ್ಬಿ, ದುರ್ಗ ಎರಡನ್ನೂ ಒಂದೇ ದಿನದಲ್ಲಿ ನೋಡಿ ಇದೇ ದಾರಿಯಲ್ಲಿ ಇಳಿಯುವ ಆಸೆ ಬಿಡುವುದೇ ಒಳ್ಳೆಯದು.

ಗಡಿಯಾರದ ಲೆಕ್ಕ

ಬೆಳಿಗ್ಗೆ ಏಳಕ್ಕೆ ಹೊರಟರೆ ಹನ್ನೆರಡರ ಹೊತ್ತಿಗೆ ನೆತ್ತಿಯಲ್ಲಿರುತ್ತೀರಿ. ಊಟ, ವಿಶ್ರಾಂತಿ ಒಂದು ಗಂಟೆ. ಒಂದಕ್ಕೆ ಇಳಿಯಲು ಶುರು ಮಾಡಿದರೆ ಸಂಜೆ ಐದಕ್ಕೆ ತೋಟದ ಅಂಚು. ಡಿಸೆಂಬರಿನಲ್ಲಿ ನಮ್ಮಲ್ಲಿ ಸೂರ್ಯ ಮುಳುಗುವುದು ಆರರ ಆಸುಪಾಸು. ಅಂದರೆ ಕೈಯಲ್ಲಿ ಉಳಿಯುವುದು ಒಂದು ಗಂಟೆ ಮಾತ್ರ. ಕಾಲು ಉಳುಕಿದರೆ, ದಾರಿ ಸ್ವಲ್ಪ ತಪ್ಪಿದರೆ ಆ ಒಂದು ಗಂಟೆಯೇ ಆಸರೆ.

ಅದೇ ಬೆಳಿಗ್ಗೆ ಹತ್ತಕ್ಕೆ ಹೊರಟವರ ಲೆಕ್ಕ ನೋಡಿ. ನೆತ್ತಿಗೆ ಮಧ್ಯಾಹ್ನ ಮೂರು, ಕೆಳಗೆ ರಾತ್ರಿ ಎಂಟು.

ಇಲ್ಲಿ ಬೆಳಕು ಇನ್ನೊಂದು ಮೋಸವನ್ನೂ ಮಾಡುತ್ತದೆ. ಹುಲ್ಲುಗಾವಲು ಪಡುವಣಕ್ಕೆ ತೆರೆದುಕೊಂಡಿರುವುದರಿಂದ ಐದೂವರೆಗೂ ಅಲ್ಲಿ ಬಂಗಾರದ ಬಿಸಿಲು. "ಇನ್ನೂ ಬೆಳಕುಂಟಲ್ಲ" ಅಂತ ಕೂತವರು ಕಾಡಿನೊಳಗೆ ಕಾಲಿಟ್ಟಾಗ ಅಲ್ಲಿ ಆಗಲೇ ಕತ್ತಲೆ. ಆದ್ದರಿಂದ ಹೊರಡುವ ಮೊದಲೇ ತೀರ್ಮಾನ ಆಗಬೇಕು: ಎಲ್ಲಿಯೇ ಇರಲಿ, ಗಂಟೆ ಒಂದಾದರೆ ಹಿಂದಕ್ಕೆ. ಅರ್ಬಿಯ ಸದ್ದು ಕೇಳಿಸುತ್ತಿದ್ದರೂ ಸರಿ.

ಜೊತೆಗಾರ ಯಾಕೆ ಬೇಕು?

ಒಬ್ಬರೇ ಹೋಗಬಾರದು ಎಂಬುದು ಎಲ್ಲರಿಗೂ ಗೊತ್ತು. ಇಬ್ಬರು ಸಾಕಾ? ಒಬ್ಬರ ಕಾಲು ಮುರಿಯಿತು ಅಂತ ಇಟ್ಟುಕೊಳ್ಳಿ. ಇನ್ನೊಬ್ಬರು ಸಹಾಯ ಕರೆಯಲು ಕೆಳಗಿಳಿದರೆ ಗಾಯಾಳು ಕಾಡಿನಲ್ಲಿ ಒಂಟಿ. ಇಳಿಯದಿದ್ದರೆ ಯಾರಿಗೂ ಸುದ್ದಿ ಇಲ್ಲ. ಮೂರನೆಯವರು ಇದ್ದರೆ ಒಬ್ಬರು ಕೂರಬಹುದು, ಒಬ್ಬರು ಇಳಿಯಬಹುದು. ಗೈಡ್ ಬೇಕು ಅನ್ನುವುದು ದಾರಿ ತೋರಿಸಲಿಕ್ಕೆ ಮಾತ್ರ ಅಲ್ಲ, ಇದಕ್ಕೂ ಹೌದು. ಗೈಡಿಗೆ ಕೊಡುವ ಹಣ ದಂಡ ಅಲ್ಲ ಮಾರಾಯ್ರೆ.

ಇನ್ನೊಂದು ಮಾತು. ನಡಿಗೆಯ ವೇಗ ನಿಧಾನದವರದ್ದೇ ಆಗಿರಬೇಕು. ಜೋರು ಕಾಲಿನವರು ಮುಂದೆ ಹೋಗಿ ಕವಲಿನಲ್ಲಿ ಎಡಕ್ಕೆ ತಿರುಗುತ್ತಾರೆ, ಹಿಂದಿನವರು ಬಲಕ್ಕೆ. ಹುಲ್ಲಿನಲ್ಲಿ ದನದ ದಾರಿ, ಕಾಡುಪ್ರಾಣಿಗಳ ದಾರಿ ಎಲ್ಲ ಒಂದೇ ಥರ ಕಾಣುತ್ತವೆ. ಒಬ್ಬರಿಗೊಬ್ಬರು ಕಣ್ಣಿಗೆ ಕಾಣುವಷ್ಟು ಹತ್ತಿರ ಇರಬೇಕು. ಕಾಣದಿದ್ದರೆ ನಿಂತು ಕೂ ಹಾಕಬೇಕು, ಉತ್ತರ ಬರುವವರೆಗೆ ಮುಂದೆ ಹೋಗಬಾರದು.

ನೀರು, ಬಂಡೆ, ಇಂಬಳ

ಜಾರುವುದು ಹೆಚ್ಚಾಗಿ ಇಳಿಯುವಾಗ. ಹತ್ತಿ ದಣಿದ ತೊಡೆಯ ಸ್ನಾಯು ಇಳಿಜಾರಿನಲ್ಲಿ ದೇಹದ ಪೂರ್ತಿ ಭಾರ ತಡೆಯಬೇಕು. ಮೊಣಕಾಲು ನಡುಗತೊಡಗಿದರೆ ಅದು ನಿಲ್ಲಬೇಕಾದ ಸೂಚನೆ. ಹಳ್ಳದ ಕಲ್ಲಿಗೆ ಅಂಟಿದ ಪಾಚಿ ಒಣಗಿದಂತೆ ಕಂಡರೂ ನೀರು ಸೋಕಿದರೆ ಸಾಬೂನು. ನೆತ್ತಿಯಲ್ಲಿ ಅಂಚಿಗೆ ಹೋಗಿ ಬಗ್ಗಿ ನೋಡುವುದು, ಅಲ್ಲಿ ನಿಂತು ಸೆಲ್ಫಿ ತೆಗೆಯುವುದು ಬೇಡವೇ ಬೇಡ.

ಕೆಳಗೆ ಬಿಸಿಲಿದ್ದರೂ ಘಟ್ಟದ ಮೇಲೆ ಮಳೆ ಸುರಿಯಬಹುದು. ಹಳ್ಳದ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ತರಗೆಲೆ, ಕಡ್ಡಿ ತೇಲಿ ಬಂದರೆ, ಸದ್ದು ಜೋರಾದರೆ ಕೂಡಲೇ ಎತ್ತರಕ್ಕೆ ಸರಿಯಿರಿ. ನೀರು ಇಳಿಯುವ ತನಕ ದಾಟಬೇಡಿ.

ಇಂಬಳ ಕಚ್ಚಿದರೆ ಗಾಬರಿ ಬೇಡ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಇರುವುದರಿಂದ ಬಿಡಿಸಿದ ಮೇಲೂ ರಕ್ತ ಒಸರುತ್ತದೆ. ತೊಳೆದು ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ. ಹೆಚ್ಚು ಜಾಗ್ರತೆ ಬೇಕಾದದ್ದು ಆನೆಯ ಬಗ್ಗೆ. ಚಾರ್ಮಾಡಿ ಕಡೆಯ ಈ ಕಾಡಂಚಿನಲ್ಲಿ ಆನೆ ಓಡಾಟ ಉಂಟು. ಹಸಿ ಲದ್ದಿ, ಮುರಿದ ಬೈನೆ ಕಂಡರೆ ಮುಂದುವರಿಯುವ ನಿರ್ಧಾರ ಗೈಡಿನದ್ದು, ನಿಮ್ಮದಲ್ಲ.

ಅನುಮತಿ

2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಒಮ್ಮೆಲೇ ಜನ ಮುಗಿಬಿದ್ದ ಮೇಲೆ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಅದೇ ವರ್ಷ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣ ಬಂತು. ಮಳೆಗಾಲದಲ್ಲಿ, ಬೇಸಿಗೆಯ ಕಾಡ್ಗಿಚ್ಚಿನ ದಿನಗಳಲ್ಲಿ ದಾರಿ ಮುಚ್ಚುವುದುಂಟು. ಹೊರಡುವ ಮೊದಲು ಅಲ್ಲಿ ನೋಡಿ ಅಥವಾ ವನ್ಯಜೀವಿ ವಲಯ ಕಚೇರಿಯಲ್ಲಿ ಕೇಳಿ. ಬುಕಿಂಗ್ ಇದ್ದರೆ ಯಾರು ಒಳಗಿದ್ದಾರೆ ಅಂತ ಇಲಾಖೆಗೆ ಗೊತ್ತಿರುತ್ತದೆ. ಕಳ್ಳದಾರಿಯಲ್ಲಿ ಹತ್ತಿದವರು ಬರಲಿಲ್ಲ ಅಂತ ಗೊತ್ತಾಗುವುದೇ ತಡ.

ಚೀಲದಲ್ಲಿ ಏನಿರಬೇಕು?

- ತಲಾ ಮೂರು ಲೀಟರ್ ನೀರು, ಓಆರ್‌ಎಸ್ ಪೊಟ್ಟಣ
- ಟಾರ್ಚ್ (ಮೊಬೈಲ್ ಟಾರ್ಚ್ ಲೆಕ್ಕಕ್ಕಿಲ್ಲ), ಸೀಟಿ
- ಮೊದಲೇ ಡೌನ್‌ಲೋಡ್ ಮಾಡಿದ ಮ್ಯಾಪ್. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ
- ಅಗಲ ಬ್ಯಾಂಡೇಜ್, ತೆಳು ಮಳೆಕೋಟು
- ಕಸ ವಾಪಸ್ ತರಲು ಒಂದು ಖಾಲಿ ಚೀಲ

ದಾರಿ ತಪ್ಪಿತು ಅನಿಸಿದರೆ ಹಳ್ಳ ಹಿಡಿದು ಇಳಿಯಬೇಡಿ, ಅದು ಪ್ರಪಾತಕ್ಕೇ ಮುಟ್ಟಿಸೀತು. ಕೂತು ಸೀಟಿ ಊದಿ. ಸಿಗ್ನಲ್ ಸಿಕ್ಕಿದರೆ 112ಕ್ಕೆ ಕರೆ ಮಾಡಿ.

ಅಂಗಡಿಯವರಿಗೆ ಒಂದು ಮಾತು

ಯಾರಾದರೂ ಕಾಡಿನಲ್ಲಿ ಸಿಕ್ಕಿಬಿದ್ದರೆ ರಾತ್ರಿ ಟಾರ್ಚ್ ಹಿಡಿದು ಹುಡುಕಲು ಹೋಗುವವರು ಅರಣ್ಯ ಸಿಬ್ಬಂದಿ ಮತ್ತು ನಮ್ಮೂರಿನ ಹುಡುಗರೇ. ಆನೆ ಓಡಾಡುವ ಕಾಡಿನಲ್ಲಿ ಅವರ ಜೀವಕ್ಕೂ ಬೆಲೆ ಉಂಟು. ಹಾಗಾಗಿ ಬೆಳಿಗ್ಗೆ ಹತ್ತರ ಮೇಲೆ ನೀರಿನ ಬಾಟಲಿ ಕೊಂಡು ಬಂಡಾಜೆ ದಾರಿ ಕೇಳಿದವರಿಗೆ ದಾರಿಯ ಜೊತೆ ಹೊತ್ತನ್ನೂ ಹೇಳಿ: "ಇವತ್ತು ತಡ ಆಯ್ತು. ನಾಳೆ ಬೆಳಿಗ್ಗೆ ಬನ್ನಿ, ಅರ್ಬಿ ಎಲ್ಲಿಗೂ ಹೋಗುವುದಿಲ್ಲ."