ಗೆಲ್ಲು ಸವರಿದ ಮಲ್ಲಿಗೆ

ಬೆಂಗಳೂರಿನಿಂದ ಶಂಕರಪುರಕ್ಕೆ ಸೊಸೆಯಾಗಿ ಬಂದಾಗ ನನಗೆ ಮಲ್ಲಿಗೆ ಎಂದರೆ ಮೊಳದ ಲೆಕ್ಕ. ಉಡುಪಿ ಸೀಮೆಯ ಈ ಊರಿನಲ್ಲಿ ಅದು ಚೆಂಡು, ಅಟ್ಟೆಯ ಲೆಕ್ಕ: 800 ಮೊಗ್ಗು ಕಟ್ಟಿದರೆ ಒಂದು ಚೆಂಡು, 4 ಚೆಂಡು ಸೇರಿದರೆ ಒಂದು ಅಟ್ಟೆ. ಬೆಳಿಗ್ಗೆ ಬೇಗ ಎದ್ದು, ಅರಳದ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಬೇಕು. ನಮ್ಮಂಥ ಕ್ರೈಸ್ತರ ಅಂಗಳದ ಹೂವು ದೇವಸ್ಥಾನಕ್ಕೂ ಹೋಗುತ್ತದೆ, ಭೂತದ ಕೋಲಕ್ಕೂ ಹೋಗುತ್ತದೆ. ಅದು ನನಗೆ ಇಂದಿಗೂ ಸಂತೋಷದ ಸಂಗತಿ.

ಮೊದಲ ವರ್ಷ ಮಳೆ ಹಿಂದೆ ಸರಿದ ಮೇಲೆ ಅತ್ತೆ ಕತ್ತರಿ ಹಿಡಿದು ಗೆಲ್ಲು ಸವರತೊಡಗಿದರು. ಒಣಗಿದ್ದನ್ನು ಮಾತ್ರವಲ್ಲ, ಹಸಿರಾಗಿದ್ದದ್ದನ್ನೂ. ನನಗೆ ನೋಡಲಾಗಲಿಲ್ಲ. ಮೂಲೆಯ ಎರಡು ಗಿಡಗಳನ್ನಾದರೂ ಬಿಡಿ ಎಂದು ಬೇಡಿಕೊಂಡೆ. "ಆಯ್ತು ಮಗಾ, ಆ ಎರಡು ನಿನ್ನವು" ಎಂದರು. ಬೇಸಿಗೆಗೆ ನನ್ನ ಗಿಡಗಳಲ್ಲಿ ಎಲೆಯೋ ಎಲೆ. ಅತ್ತೆಯ ಗಿಡಗಳಲ್ಲಿ ಒಂದೊಂದು ಹೊಸ ಚಿಗುರಿನ ತುದಿಯಲ್ಲೂ ಮೊಗ್ಗಿನ ಗೊಂಚಲು. ಮಲ್ಲಿಗೆ ಹೂ ಬಿಡುವುದೇ ಹೊಸ ಚಿಗುರಿನಲ್ಲಿ.

ಯೊವಾನ್ನನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ತಮ್ಮನ್ನು ದ್ರಾಕ್ಷಿಬಳ್ಳಿಗೂ ತಂದೆಯನ್ನು ತೋಟಗಾರನಿಗೂ ಹೋಲಿಸುತ್ತಾರೆ. ಹಣ್ಣು ಕೊಡುವ ಕವಲನ್ನೂ ತೋಟಗಾರ ಸವರುತ್ತಾನೆ, ಇನ್ನಷ್ಟು ಕೊಡಲೆಂದು. ಬಾಲ್ಯದಿಂದ ಇಗರ್ಜಿಯಲ್ಲಿ ಕೇಳಿದ ಮಾತು. ಆದರೆ ಕೊಡದ ಕವಲಿಗಲ್ಲದೆ ಕೊಡುವುದಕ್ಕೂ ಕತ್ತರಿ ಏಕೆಂಬುದು ನನಗೆ ತಿಳಿದದ್ದು ಆ ಬೇಸಿಗೆಯಲ್ಲಿ. ಸುವಾರ್ತೆಯ ಮೂಲ ಗ್ರೀಕಿನಲ್ಲಿ ಈ ಸವರುವಿಕೆಗೆ ಬಳಸಿದ ಕ್ರಿಯಾಪದಕ್ಕೆ ಶುದ್ಧಗೊಳಿಸು ಎಂಬ ಅರ್ಥವೂ ಇದೆ. ನಮ್ಮ ಕನ್ನಡದ 'ಸವರು' ನನಗೆ ಅದಕ್ಕಿಂತ ಹತ್ತಿರ. ಗೆಲ್ಲು ಕಡಿಯುವುದೂ ಸವರುವುದೇ, ಮಗುವಿನ ತಲೆ ನೇವರಿಸುವುದೂ ಸವರುವುದೇ. ಅತ್ತೆ ಎಡಗೈಯಲ್ಲಿ ಗೆಲ್ಲನ್ನು ಹಿಡಿದು, ಗಿಣ್ಣು ತಡವಿ ನೋಡಿ, ಆಮೇಲೆ ಕತ್ತರಿ ಇಡುತ್ತಿದ್ದರು. ಎರಡೂ ಅರ್ಥ ಒಂದೇ ಕೈಯಲ್ಲಿದ್ದವು.

ನನ್ನ ಮೊದಲ ಗರ್ಭ ನಿಲ್ಲದೆ ಹೋದ ವರ್ಷ ನಾನು ಪ್ರಾರ್ಥನೆ ಬಿಟ್ಟಿದ್ದೆ. ಅತ್ತೆ ಬೈಬಲಿನ ಮಾತು ಎತ್ತಲಿಲ್ಲ. ಹಾಗೆ ಎತ್ತದಿದ್ದುದಕ್ಕೆ ನಾನು ಅವರಿಗೆ ಋಣಿ. ಸತ್ತ ಮಗುವನ್ನು ಸವರಿದ ಗೆಲ್ಲು ಎನ್ನುವುದು ಕ್ರೌರ್ಯ, ಅದು ದೇವರ ಕತ್ತರಿಯೆಂದು ನಾನು ನಂಬುವುದಿಲ್ಲ. ಅವರು ಬೆಳಿಗ್ಗೆ ಬುಟ್ಟಿ ಕೊಟ್ಟು ಪಕ್ಕದಲ್ಲಿ ನಿಂತು ಹೂ ಕೊಯ್ದರು, ಅಷ್ಟೇ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮೊದಲು ಮಕ್ಕಳು ಒಂಬತ್ತು ದಿನ ಮರಿಯಮ್ಮನಿಗೆ ಹೂ ಅರ್ಪಿಸುತ್ತಾರಲ್ಲ, ಆ ವರ್ಷ ಅದಕ್ಕೆ ಮಳೆಯಲ್ಲಿ ಸಿಕ್ಕ ನಾಲ್ಕು ಮೊಗ್ಗನ್ನು ನಾನೇ ಒಯ್ದೆ.

ಬಳ್ಳಿಯಲ್ಲಿ ನೆಲೆಸದ ಕವಲು ಬೆಂಕಿಗೆ ಎನ್ನುತ್ತದೆ ಸುವಾರ್ತೆಯ ಅದೇ ಅಧ್ಯಾಯ. ಅತ್ತೆ ಮಾತ್ರ ಕಡಿದ ಗೆಲ್ಲುಗಳಲ್ಲಿ ಗಟ್ಟಿಯಾದವನ್ನು ಆರಿಸಿ ಮರಳು ಮಣ್ಣಿನ ತೊಟ್ಟೆಯಲ್ಲಿ ಊರುತ್ತಿದ್ದರು. ಅವರು ಹೋದ ಮೇಲೆ ಆ ಕೆಲಸ ನನ್ನದು. ಈ ಸಲ ಊರಿದ 20ರಲ್ಲಿ 13 ಚಿಗುರಿವೆ.